ಮೂಕಪ್ಪ ತನ್ನ ಮನೆ ಮುಂದೆ ತಾನೇ ಡಂಗುರ ಸಾರಿದ್ದು

ಊರಿಗೆಲ್ಲ ಕೂಗಿ ಹೇಳುವವನ ಹೆಸರು ಮೂಕಪ್ಪ. ಹುಟ್ಟಿದ ದಿನ ಅಳಲಿಲ್ಲವೆಂದು ಆ ಹೆಸರಿಟ್ಟರು. ಮರುದಿನ ಬಾಯಿ ತೆರೆದವನು ಇವತ್ತಿಗೂ ಮುಚ್ಚಿಲ್ಲ ಎಂದು ಹೆಂಡತಿ ದ್ಯಾಮಕ್ಕ ಹೇಳುತ್ತಾಳೆ.

ಮಲಪನಗುಡಿಯ ಕೇರಿಯಲ್ಲಿ ಅವನದು ಚರ್ಮದ ಹಲಗೆ ಬಡಿಯುವ ಮನೆತನ. ಅಪ್ಪ ಬಡಿದ, ಅಪ್ಪನ ಅಪ್ಪ ಬಡಿದ. ಸಭೆ ಇದ್ದರೆ ಸಾರಬೇಕು. ಎಮ್ಮೆ ಕಳೆದರೆ ಸಾರಬೇಕು. ಯಾರಾದರೂ ಸತ್ತರೆ ಹೆಣದ ಮುಂದೆ ಬಡಿಯುತ್ತಾ ನಡೆಯಬೇಕು. ನೆತ್ತಿ ಸುಡುವ ಬಿಸಿಲಲ್ಲೂ ಬೆಂಕಿ ಹಾಕಿ ಚರ್ಮ ಕಾಯಿಸಬೇಕು, ಇಲ್ಲದಿದ್ದರೆ ಹಲಗೆ ಒದ್ದೆ ಗೋಣಿಚೀಲದಂತೆ ಬೊದ್ ಎನ್ನುತ್ತದೆ. ಬಡಿದು ಬಡಿದು ಹೆಬ್ಬೆರಳು ಸೀಳುತ್ತದೆ. ಸೀಳಿದಲ್ಲಿ ಅರಿಶಿನ ಮೆತ್ತಿ ಮತ್ತೆ ಬಡಿಯಬೇಕು. ಇಷ್ಟೆಲ್ಲ ಮಾಡಿದರೂ ಊರಿಗೆ ಅವನ ಹೆಸರು ಬೇಕಾಗಿಲ್ಲ. "ಏ ಹಲಗಿ" ಅಂದರೆ ಮುಗಿಯಿತು. ಆ ಊರಲ್ಲಿ ನಾಯಿಗಳಿಗೂ ಟೈಗರ್, ರಾಜ ಎಂದು ಹೆಸರಿವೆ.

ಈಚೆಗೆ ಪಂಚಾಯಿತಿಯವರು ಕಸದ ಗಾಡಿಗೆ ಮೈಕು ಕಟ್ಟಿದರು. ಗಾಡಿಯೇ ಹಾಡಿತು, ಗಾಡಿಯೇ ಸಾರಿತು. ಮೂಕಪ್ಪನ ಪಾಲಿಗೆ ಸಾವು ಮಾತ್ರ ಉಳಿಯಿತು. ಜನ ನಮಗೆ ಬೇಕೆಂದಾಗ ಸಾಯುವುದಿಲ್ಲವಲ್ಲ. ಉಳಿದ ದಿನ ಬಾಳೆ ತೋಟಗಳಲ್ಲಿ ಗೊನೆ ಹೊತ್ತ.

ದ್ಯಾಮಕ್ಕ ಕಮಲಾಪುರದ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ಅಡುಗೆಯವನು ಕುಡಿದು ಬಿದ್ದ ದಿನ ಮಿರ್ಚಿಯನ್ನೂ ಅವಳೇ ಕರಿಯುತ್ತಿದ್ದಳು. ಆ ದಿನ ಮಿರ್ಚಿ ಬೇಗ ಖಾಲಿಯಾಗುತ್ತಿತ್ತು. ಮುಂದೆ ಕೂತವರು ಬೆರಳು ಚೀಪುತ್ತಿದ್ದರು. ಕರಿದವಳು ಮಾತ್ರ ಹಿಂಬಾಗಿಲಿಂದ ಬರಬೇಕು, ಹಿಂಬಾಗಿಲಿಂದ ಹೋಗಬೇಕು. ಒಂದು ಸಂಜೆ ಅವಳು ಬಂದು ಗಂಡನ ಮುಂದೆ ಕೂತಳು.

"ಏನರ ಆಗ್ಲಿ, ನಂದೊಂದು ಮಂಡಕ್ಕಿ-ಮಿರ್ಚಿ ಗಾಡಿ ಆಗ್ಬೇಕು. ಹಂಪಿ ರಸ್ತಿಗೇ ಹಚ್ತೀನಿ. ತಿನ್ನೋರು ನನ್ನ ಮುಂದ ನಿಂತು ಕೈ ಚಾಚಿ ಇಸ್ಕೊಂಡು ತಿನ್ಲಿ."

ಇಬ್ಬರೂ ಹೊಸಪೇಟೆಯ ಬ್ಯಾಂಕಿಗೆ ಹೋದರು. ಸಾಲದ ಮೇಜಿನಲ್ಲಿ ಹರಿಪ್ರಿಯಾ ಎಂಬ ಮೇಡಂ ಕೂತಿದ್ದಳು. ಒಳ್ಳೆಯ ಹೆಂಗಸು, ಕುಂದ್ರಿ ಅಂದಳು. ಗಂಡನ ಸಹಿಯೂ ಬೇಕೆಂದು ಮೂಕಪ್ಪನ ಆಧಾರ್ ನಂಬರು ಕಂಪ್ಯೂಟರಿನಲ್ಲಿ ಒತ್ತಿ ನೋಡಿದಳು. ಮುಖ ಸಣ್ಣದಾಯಿತು.

"ನಿಮ್ಮ ಯಜಮಾನ್ರ ಸಿಬಿಲ್, ಅಂದ್ರ ಸಾಲ ತೀರಿಸಿದ ಲೆಕ್ಕ, ಭಾಳ ಕೆಟ್ಟೈತ್ರಿ. ಹೋದ ವರ್ಷದ ಬಾಕಿ ಅಂತ ತೋರಸ್ತೈತಿ. ಒಂದು ಮಿಕ್ಸಿ ಸಾಲ."

ಮಿಕ್ಸಿ! ದ್ಯಾಮಕ್ಕ ಗಂಡನ ಕಡೆ ತಿರುಗಿದಳು. ಹತ್ತು ಹನ್ನೆರಡು ವರ್ಷದ ಹಿಂದೆ ಕಂತಿನ ಮೇಲೆ ಒಂದು ಮಿಕ್ಸಿ ತಂದದ್ದು ನಿಜ. ಕೇರಿಗೇ ಮೊದಲ ಮಿಕ್ಸಿ. ಎಲ್ಲರೂ ನೋಡಲು ಬಂದರು. ಒಣಮೆಣಸಿನಕಾಯಿ ಹಾಕಿ ಗುಂಡಿ ತಿರುವಿದಳು. ಮಿಕ್ಸಿ ಒಮ್ಮೆ ಕೆಮ್ಮಿತು, ಹೊಗೆ ಬಿಟ್ಟಿತು, ಸತ್ತಿತು. ಇಡೀ ಕೇರಿ ಸೀನಿತು. ಮರುದಿನ ಮೂಕಪ್ಪ ಅದನ್ನು ತಲೆ ಮೇಲೆ ಹೊತ್ತು ಅಂಗಡಿಗೆ ಒಯ್ದ. ಅವರು ವಾಪಸ್ ಇಟ್ಟುಕೊಂಡು "ಲೋನು ಕ್ಯಾನ್ಸಲ್, ಹೋಗು" ಅಂದರು. ಹೋದ. ಈಗ ಆ ಅಂಗಡಿ ಇದ್ದಲ್ಲಿ ಬಿರಿಯಾನಿ ಬೇಯುತ್ತದೆ.

"ಆ ಹಳೇ ಲೆಕ್ಕಾನ ಯಾರೋ ಸಿರಿಸಂಪದ ರಿಕವರಿ ಅನ್ನೋರು ಕೊಂಡಾರ," ಹರಿಪ್ರಿಯಾ ಹೇಳಿದಳು. "ಹೋದ ವರ್ಷದ್ದು ಅಂತ ಹೊಸ ತಾರೀಖು ಹಾಕಿ ಕಳಿಸ್ಯಾರ. ಹಂಗ ಮಾಡಂಗಿಲ್ರಿ. ಇಷ್ಟು ಹಳೇದು ಕೋರ್ಟಿನಾಗೂ ನಿಲ್ಲಂಗಿಲ್ಲ. ನೀವು ತಕರಾರು ಹಾಕ್ರಿ, ತಿಂಗಳೊಳಗ ಸಿಬಿಲಿನವರು ನೋಡಿ ಸರಿ ಮಾಡ್ಬೇಕು."

"ಅಂದ್ರ ಸತ್ತ ಹೆಣಕ್ಕ ಹೊಸ ಅಂಗಿ ಹಾಕಿ ಕುಂದ್ರಿಸ್ಯಾರ," ಅಂದ ಮೂಕಪ್ಪ. ಹೆಣದ ವಿಷಯ ಅವನಿಗೆ ಚೆನ್ನಾಗಿ ಗೊತ್ತು.

ಹರಿಪ್ರಿಯಾ ತಾನೇ ತಕರಾರು ಬರೆದು ಕಳಿಸಿದಳು. ಉತ್ತರವೂ ಬಂತು. 'ಪರಿಶೀಲಿಸಲಾಗಿದೆ. ಮಾಹಿತಿ ಸರಿಯಾಗಿದೆ.' ಪರಿಶೀಲಿಸಿದವರು ಯಾರು? ಅದೇ ಸಿರಿಸಂಪದದವರು. ಕಳ್ಳನನ್ನು ಕರೆದು ಕದ್ದೆಯೇನಪ್ಪಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ಬೆನ್ನು ತಟ್ಟಿ ಕಳಿಸಿದ ಹಾಗಾಯಿತು. ಅವರನ್ನು ಹುಡುಕಿ ಜಗಳ ಮಾಡೋಣವೆಂದರೆ ಹೊಸಪೇಟೆಯಲ್ಲಿ ಅವರಿಗೊಂದು ಬಾಗಿಲೂ ಇರಲಿಲ್ಲ. ದ್ಯಾಮಕ್ಕ ಮತ್ತೆ ಹಿಂಬಾಗಿಲಿಂದ ಹೋಟೆಲಿಗೆ ಹೋದಳು. ಅವಳಿಗೆ ಅಳು ಬರಲಿಲ್ಲ, ಉರಿ ಬಂತು.

ಹೀಗಿರುವಾಗ ಒಂದು ಮುಂಜಾನೆ ಕೇರಿಯ ಬಾಯಿಗೆ ಒಂದು ಬೈಕು ಬಂದು ನಿಂತಿತು. ಮೇಲೆ ಇಸ್ತ್ರಿ ಅಂಗಿಯ ಹುಡುಗ, ಜೇಬಿನ ಮೇಲೆ ಕಂಪನಿಯ ಹೆಸರು. ಹುಡುಗನ ಹೆಸರು ಅಚ್ಯುತ, ಸಾಲ ವಸೂಲಿ ಅವನ ಕೆಲಸ. ಕೆಳಗೆ ಇಳಿಯಲಿಲ್ಲ. ಕೇರಿಯ ಮಣ್ಣು ಬೂಟಿಗೆ ಹತ್ತುತ್ತದಲ್ಲ.

"ಏ ಹಲಗಿ! ಬಾ ಇಲ್ಲಿ. ಒಂದು ದಿನದ ಕೆಲಸ ಐತಿ."

ಫೋನು ಮಾಡಿದರೆ ಸಾಲಗಾರರು ಎತ್ತುವುದಿಲ್ಲ. ಮನೆಗೆ ಹೋದರೆ ಇಲ್ಲ ಅನ್ನಿಸುತ್ತಾರೆ. ಅದಕ್ಕೆ ಅಚ್ಯುತನಿಗೆ ಹೊಸ ಉಪಾಯ ಹೊಳೆದಿತ್ತು. ಮನೆ ಮುಂದೆ ಹಲಗೆ ಬಡಿಸಿ, ಹೆಸರು ಹಿಡಿದು ಸಾರಿಸಿದರೆ ಮಾನಕ್ಕೆ ಅಂಜಿಯಾದರೂ ಕಟ್ಟುತ್ತಾರೆ. ಕೂಲಿ ಎಷ್ಟೆಂದು ಹೇಳಿದ. ನಾಲ್ಕು ದಿನ ಗೊನೆ ಹೊತ್ತರೂ ಅಷ್ಟು ಸಿಗುವುದಿಲ್ಲ. ಮೂಕಪ್ಪ ಹೂಂ ಅಂದ. ಓದು ಬಾರದವನಿಗೆ ಜೇಬಿನ ಮೇಲಿನ ಹೆಸರು ಬರಿಯ ಕಸೂತಿ.

"ವೀಳ್ಯ ಕೊಡ್ರಿ ಮತ್ತ. ವೀಳ್ಯ ಇಲ್ದ ಹಲಗಿ ಏಳಂಗಿಲ್ಲ."

ಅಚ್ಯುತ ಗೂಡಂಗಡಿಯಿಂದ ಎಲೆ ಅಡಿಕೆ ತರಿಸಿದ. ಎಲೆ, ಅಡಿಕೆ, ನೋಟು ಮೂರನ್ನೂ ಮೊಳದೆತ್ತರದಿಂದ ಮೂಕಪ್ಪನ ಅಂಗೈಗೆ ಬಿಟ್ಟ. ಬೆರಳು ಬೆರಳಿಗೆ ತಾಗಲಿಲ್ಲ. ಮೂಕಪ್ಪ ಎಲೆಯನ್ನು ಕಣ್ಣಿಗೆ ಒತ್ತಿಕೊಂಡು ತನ್ನ ಮನೆತನದ ಕಟ್ಟಳೆ ಹೇಳಿದ.

"ಕೇಳ್ರಿ. ಸಾರಿಸಿದವರ ಹೆಸರು ಹೇಳಿ ಸಾರ್ತೀನಿ. ವೀಳ್ಯ ಹಿಡದ ಮ್ಯಾಲ ಕಡೀ ಮನಿ ತನಕ ನಡುವ ನಿಲ್ಲಂಗಿಲ್ಲ. ಸಾರಿದ್ದು ಸುಳ್ಳು ಅಂತಾದ್ರ, ಸಾರಿಸಿದವರ ಹಲಗಿ ಕೊರಳಿಗೆ ಹಾಕ್ಕೊಂಡು, ಅದ ಓಣ್ಯಾಗ, ಎಡಗೈಲೆ ಬಡದು, ನಾ ಹೇಳಿಸಿದ್ದು ಸುಳ್ಳು ಅಂತ ಸಾರ್ಬೇಕು. ಒಪ್ಪಿಗಿ ಏನ್ರಿ?"

ಅಚ್ಯುತ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದ. "ಆತಾತು. ಎಲ್ಲಾ ಒಪ್ಪಿಗಿ. ಜಲ್ದಿ ನಡಿ."

ಜನ ಹೀಗೇ ಒಪ್ಪುತ್ತಾರೆ. ಮಿಕ್ಸಿ ತರುವಾಗ ಮೂಕಪ್ಪನೂ ಹೀಗೇ ಹೆಬ್ಬೆಟ್ಟು ಒತ್ತಿದ್ದ.

ಬೈಕು ಮುಂದೆ, ಹಲಗೆ ಹಿಂದೆ. ಅಚ್ಯುತ ಮೊಬೈಲು ನೋಡಿ ಒಂದೊಂದೇ ಹೆಸರು ಹೇಳುವನು. ಮೂಕಪ್ಪ ಮನೆ ತೋರಿಸುವನು, ಬಡಿಯುವನು, ಕೂಗುವನು. ಮೊದಲ ಮನೆಯವನು ಹಿತ್ತಲ ಗೋಡೆ ಹಾರಿ ಓಡಿಹೋದ. ಎರಡನೆಯ ಮನೆಯ ಭರಮಣ್ಣ ತಾನು ಭರಮಣ್ಣನ ತಮ್ಮನೆಂದು ಆಣೆ ಮಾಡಿದ. ಅವನಿಗೆ ತಮ್ಮ ಇಲ್ಲವೆಂದು ಮೂಕಪ್ಪನಿಗೆ ಗೊತ್ತಿತ್ತು, ಹೇಳಲಿಲ್ಲ. ಇಲ್ಲಿಯವರೆಗೆ ನಗೆಯೇ ಇತ್ತು.

ಆಮೇಲೆ ಹೊಳೆಮ್ಮನ ಮನೆ ಬಂತು. ಹೊಳೆಮ್ಮ ಕಡಲೆಬೀಜ ಹುರಿದು ಮಾರುವ ಮುದುಕಿ. ಅವಳ ಮಗ ಗಾದಿಗನೂರಿನ ಹತ್ತಿರ ಅದಿರು ಲಾರಿಗೆ ಸಿಕ್ಕು ಸತ್ತಿದ್ದ. ಅವನ ಬೈಕಿನ ಸಾಲಕ್ಕೆ ಈಗ ತಾಯಿಯ ಬಾಗಿಲಲ್ಲಿ ಹಲಗೆ. ಮೂಕಪ್ಪನ ಕೈಯ ಹಲಗೆ ಕಡ್ಡಿ ಮೇಲೇಳಲಿಲ್ಲ. "ಬಡಿಯೋ" ಅಂದ ಅಚ್ಯುತ. ವೀಳ್ಯ ಸೊಂಟದಲ್ಲಿತ್ತು. ಬಡಿದ. ಮುದುಕಿ ಹೊಸ್ತಿಲಿಗೆ ಬಂದು ನಿಂತಳು.

"ಬಡಿಯಪ್ಪಾ ಬಡಿ. ನನ್ನ ಮಗನ ಹೆಣದ ಮುಂದನೂ ನೀನ ಬಡದಿದ್ದಿ. ಕೈ ಚೊಲೋ ಐತಿ ನಿಂದು."

ಮೂಕಪ್ಪನಿಗೆ ಕೂಗಲು ಆಗಲಿಲ್ಲ. ಹುಟ್ಟಿದ ದಿನದ ನಂತರ ಮೊದಲ ಬಾರಿಗೆ ಅವನ ದನಿ ಹೋಯಿತು. ಎಂಥ ಹೊಲಸು ಹೊಟ್ಟೆ ಇದು ಎಂದು ತನ್ನ ಹೊಟ್ಟೆಗೇ ಬೈದುಕೊಂಡ. ಬೈದರೆ ಹೊಟ್ಟೆ ಕೇಳುತ್ತದೆಯೆ?

"ಆತು, ಕಡೀದೊಂದು," ಅಂದ ಅಚ್ಯುತ. "ಮೂಕಪ್ಪ, ತಂದೆ ದುರುಗಪ್ಪ. ಮಿಕ್ಸಿ ಸಾಲ. ಭಾಳ ಹಳೇ ಕಳ್ಳ ಇಂವ."

ಮೂಕಪ್ಪ ನಿಂತುಬಿಟ್ಟ. ಕಾಲಿನ ಕೆಳಗಿನ ಮಣ್ಣು ಹಾಗೆಯೇ ಇತ್ತು, ಬಿಸಿಲೂ ಹಾಗೆಯೇ ಇತ್ತು. ಮುಂಜಾನೆಯಿಂದ ತಾನು ಯಾರ ಹಿಂದೆ ನಡೆಯುತ್ತಿದ್ದೇನೆಂದು ಈಗ ತಿಳಿಯಿತು. ಮೊದಲು ಕಡ್ಡಿಯಿಂದಲೇ ಬಾರಿಸಬೇಕೆನಿಸಿತು. ಆಮೇಲೆ ಓಡಬೇಕೆನಿಸಿತು. ಅದೂ ಹೋಗಿ, ಹೊಟ್ಟೆಯ ಅಡಿಯಿಂದ ನಗು ಏಳತೊಡಗಿತು. ಕಡೀ ಮನೆ ತನಕ ನಿಲ್ಲುವ ಹಾಗಿಲ್ಲವಲ್ಲ.

"ಅಂವನ ಮನಿ ನನಗ ಗೊತ್ತೈತ್ರಿ," ಅಂದ. "ಭಾಳ ಹಲ್ಕಾ ನನಮಗ. ಸಣ್ಣ ಸಪ್ಪಳಕ್ಕ ಏಳಂಗಿಲ್ಲ. ಹಲಗಿ ಚೊಲೋತ್ನಾಗ ಕಾಸ್ಬೇಕು. ಕಾಗದ ಗೀಗದ ಇದ್ರ ಕೊಡ್ರಿ."

ಅಚ್ಯುತ ಚೀಲದಿಂದ ಒಂದು ಕಟ್ಟು ತೆಗೆದುಕೊಟ್ಟ. ಹಂಚದೆ ಉಳಿದ ನೋಟೀಸುಗಳು. ಮೂಕಪ್ಪ ಅವನ್ನು ಗುಡ್ಡೆ ಹಾಕಿ ಬೆಂಕಿಕಡ್ಡಿ ಗೀರಿದ. ಯಾರ ಯಾರ ಹೆಸರಿದ್ದವೋ, ಚೆನ್ನಾಗಿ ಉರಿದವು. ಚರ್ಮ ಬಿಗಿದು ಬೆರಳು ತಾಗಿದರೆ ಟಣ್ ಎನ್ನುವಂತಾಯಿತು.

ಮೂಕಪ್ಪ ತನ್ನ ಮನೆಯ ಮುಂದೆ ನಿಂತ. ಒಳಗೆ ಯಾರೂ ಇಲ್ಲ. ದ್ಯಾಮಕ್ಕ ಹೋಟೆಲಿನಿಂದ ಬರುವ ಹೊತ್ತು. ಕೇರಿಯವರು ಸತ್ತವರು ಯಾರೆಂದು ನೋಡಲು ಬಂದರು.

"ಕೇಳ್ರಪ್ಪೋ ಕೇಳ್ರಿ! ಕಂಪನಿ ಅಚ್ಯುತಪ್ಪನವರು ಸಾರಿಸ್ತಾರ! ಈ ಮನಿ ಮೂಕಪ್ಪ, ದುರುಗಪ್ಪನ ಮಗ, ಮಿಕ್ಸಿ ಸಾಲ ನುಂಗಿ ನೀರು ಕುಡದಾನ! ಏ ಮೂಕಪ್ಪಾ! ಮೀಸಿ ಇದ್ರ ಹೊರಗ ಬಾರಲೇ!"

ಕೇರಿ ಬಾಯಿ ಬಿಟ್ಟಿತು. ಮೂಕಪ್ಪ ಕಣ್ಣು ಹೊಡೆದ. ಕೇರಿ ಬಾಯಿ ಮುಚ್ಚಿಕೊಂಡಿತು.

"ಬರವಲ್ಲನಲ್ಲೋ. ಇನ್ನೂ ಜೋರು ಬಡಿ," ಎಂದು ಅಚ್ಯುತ ಬೈಕಿನಿಂದ ಇಳಿದೇಬಿಟ್ಟ.

"ಲೇ ಮೂಕಪ್ಪಾ! ನಾಚಿಗಿ ಇಲ್ಲೇನಲೇ? ನಿಮ್ಮಪ್ಪ ಹಿಂಗಿರ್ಲಿಲ್ಲಲೇ!" ತನ್ನನ್ನು ತಾನೇ ಬೈಯುವುದು ಇಷ್ಟು ಸುಖವೆಂದು ಮೂಕಪ್ಪನಿಗೆ ಗೊತ್ತಿರಲಿಲ್ಲ. ದ್ಯಾಮಕ್ಕ ದಿನಾ ಬೈಯುವ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಬೈದ. ಕೊನೆಗೆ ಬೆವರು ಒರೆಸಿಕೊಂಡು, "ಒಳಗ ಅದಾನ್ರಿ ಅಂವ. ನಾನ ಎಳಕೊಂಡು ಬರ್ತೀನಿ. ಇದನ್ನೀಟು ಹಿಡೀರಿ," ಎಂದು ಹಲಗೆಯ ಹಗ್ಗವನ್ನು ಅಚ್ಯುತನ ಕೊರಳಿಗೆ ಹಾಕಿ ಒಳಗೆ ನಡೆದೇಬಿಟ್ಟ.

ಅಚ್ಯುತ ಬೇಡ ಅನ್ನುವುದರೊಳಗೆ ಹಲಗೆ ಅವನ ಎದೆಯ ಮೇಲಿತ್ತು. ಮುಟ್ಟಬಾರದೆಂದು ಎರಡೂ ಕೈ ಮೇಲೆತ್ತಿ ನಿಂತ. ಪೊಲೀಸರು ಹಿಡಿದ ಕಳ್ಳ ಹೀಗೇ ನಿಲ್ಲುತ್ತಾನೆ.

ಒಳಗೆ ಮೂಕಪ್ಪ ತಂಬಿಗೆ ನೀರು ಕುಡಿದ. ಮುಖ ತೊಳೆದ. ತಲೆಗೆ ಎಣ್ಣೆ ಸವರಿ ಬಾಚಿದ. ಮದುವೆಗೆಂದು ಎತ್ತಿಟ್ಟ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಟವೆಲು ಹಾಕಿ, ಬಾಗಿಲಿಗೆ ಬಂದು ನಿಂತ.

"ಯಾರದು ನಮ್ಮನಿ ಮುಂದ ಗದ್ಲ? ಏ ಹಲಗಿ! ಯಾರು ಕಳಿಸ್ಯಾರ ನಿನ್ನ?"

ಕೇರಿ ನಕ್ಕ ನಗೆಗೆ ಕೋಳಿಗಳು ಛಾವಣಿ ಏರಿದವು. ಅಚ್ಯುತ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಹಲಗಿ ಎಂದರೆ ಅವನೇ.

"ನೀನ... ನೀನ ಮೂಕಪ್ಪನಾ?"

"ಹೌದ್ರಿ. ಮುಂಜಾನಿಂದ ನಿಮ್ಮ ಜೋಡಿನ ಅದೀನಿ. ಒಮ್ಮೆರ ಹೆಸರು ಕೇಳ್ಬೇಕಿತ್ತು ನೀವು."

ಅಷ್ಟರಲ್ಲಿ ದ್ಯಾಮಕ್ಕ ಬಂದಳು. ನಾಲ್ಕನೆಯ ಇಯತ್ತೆವರೆಗೆ ಶಾಲೆಯಲ್ಲಿ ಓದಿದವಳು. ಹಲಗೆ ಪಕ್ಕಕ್ಕೆ ಸರಿಸಿ ಜೇಬಿನ ಮೇಲಿನ ಅಕ್ಷರ ಕೂಡಿಸಿ ಓದಿದಳು. "ಸಿ-ರಿ-ಸಂ-ಪ-ದ. ಯವ್ವಾ! ನನ್ನ ಗಾಡಿ ನುಂಗಿದೋರು ಇವರ!" ಕೂಡಲೇ ಬ್ಯಾಂಕಿಗೆ ಫೋನು ಹಚ್ಚಿ, ಕೇರಿಯವರು ಹೇಳಿದ್ದನ್ನೆಲ್ಲ ಒಪ್ಪಿಸಿ, ಎಲ್ಲರಿಗೂ ಕೇಳುವಂತೆ ಹಿಡಿದಳು.

ಹರಿಪ್ರಿಯಾಳ ದನಿ ಅಂದು ಬಲು ತಣ್ಣಗಿತ್ತು. "ಅಚ್ಯುತ ಅವ್ರ, ಹಳೇ ಬಾಕಿಗೆ ಹೊಸ ತಾರೀಖು ಹಾಕಿದೋರು ನಿಮ್ಮವರೇನ್ರಿ? ಮನಿ ಮುಂದ ಹಲಗಿ ಬಡಿಸಿ ಮಾನ ಕಳೀರಿ ಅಂತ ಯಾವ ಕಾನೂನು ಹೇಳೈತ್ರಿ? ಅಲ್ಲೇ ಇರ್ರಿ, ಕಂಪ್ಲೇಂಟು ಎಲ್ಲಿಗೆ ಕೊಡ್ಬೇಕಂತ ಅವರಿಗೆ ಹೇಳ್ತೀನಿ."

ಕೇರಿಯ ಮೊಬೈಲುಗಳೆಲ್ಲ ಆಗಲೇ ಅವನತ್ತ ಕಣ್ಣು ಬಿಟ್ಟಿದ್ದವು. ಅಚ್ಯುತನ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತು. "ಏನೋ ತಪ್ಪಾಗೈತಿ. ಬಿಟ್ಟುಬಿಡ್ರಿ."

"ಹೆಂಗ ಬಿಡೋದ್ರಿ? ಕಟ್ಟಳಿ ಹೇಳಿದ್ನಿ, ಒಪ್ಪಿಗಿ ಅಂದ್ರಿ. ಸುಳ್ಳಾತು. ನಡೀರಿ, ಎಡಗೈಲೆ ಬಡೀರಿ," ಅಂದ ಮೂಕಪ್ಪ.

"ನಾ ಅದನ್ನ ಸರಿಯಾಗಿ ಕೇಳಿರ್ಲಿಲ್ಲಪಾ!"

"ಮಿಕ್ಸಿ ತರುವಾಗ ನಾವೂ ಕೇಳಿರ್ಲಿಲ್ಲ," ಅಂದಳು ದ್ಯಾಮಕ್ಕ.

ಅಚ್ಯುತ ಎತ್ತಿದ ಕೈ ಇಳಿಸಿ ಹಲಗೆ ಮುಟ್ಟಿದ.

ನಡೆದ. ಅಚ್ಯುತ ಮುಂದೆ, ಕೇರಿ ಹಿಂದೆ. ಎಡಗೈಯಿಂದ ಬಡಿದರೆ ಹಲಗೆ ಗೊರಕೆ ಹೊಡೆಯಿತು. "ಕಾಸ್ರಿ, ಹಲಗಿ ತಣ್ಣಗಾಗೈತಿ," ಎಂದು ಮೂಕಪ್ಪ ನಡುರಸ್ತೆಯಲ್ಲಿ ಬೆಂಕಿ ಮಾಡಿಸಿದ. ಅಚ್ಯುತ ಉಳಿದ ನೋಟೀಸುಗಳನ್ನು ತಾನೇ ಸುಟ್ಟು ಕಾಯಿಸಿದ. ಹೊಗೆಗೆ ಕಣ್ಣು ಒರೆಸಿಕೊಂಡ. ಹಗ್ಗ ಅವನ ಕತ್ತನ್ನು ಕೆಂಪಗೆ ತರಚಿತು. ಬೆರಳಿಗೆ ಬೊಬ್ಬೆ ಎದ್ದಿತು. ಒಂದೇ ಒಂದು ಮಧ್ಯಾಹ್ನದ ಕೆಲಸ ಅದು. ಮೂಕಪ್ಪನ ಮನೆತನ ಎಷ್ಟು ತಲೆಮಾರಿನಿಂದ ಮಾಡಿತೋ, ಲೆಕ್ಕ ಇಟ್ಟವರಿಲ್ಲ.

"ಕೇಳ್ರಪ್ಪೋ... ಕೇಳ್ರಿ. ನಾ ಅಚ್ಯುತ. ಮೂಕಪ್ಪ ಸಾಲ ನುಂಗ್ಯಾನ ಅಂತ ಸಾರಿಸಿದ್ದು ಸುಳ್ಳು."

"ಮೂಕಪ್ಪ ಅನಬ್ಯಾಡ್ರಿ, ಮೂಕಪ್ಪನವರು ಅನ್ರಿ," ಎಂದು ಭರಮಣ್ಣ ತಿದ್ದಿದ. ಅವನು ಆಗ ಮತ್ತೆ ಭರಮಣ್ಣನೇ ಆಗಿದ್ದ.

ಓಣಿ ಮುಗಿದ ಮೇಲೆ ಅಚ್ಯುತ ಹಲಗೆ ತೆಗೆಯಹೋದ. ದ್ಯಾಮಕ್ಕ ಬಿಡಲಿಲ್ಲ. "ಓಣ್ಯಾಗ ಸಾರಿದ್ದು ವಾಪಸ್ ಆತು. ಕಂಪ್ಯೂಟರಿನಾಗ ಸಾರೀರಲ್ಲ, ಅದು?" ಅಚ್ಯುತ ತನ್ನ ಸಾಹೇಬನಿಗೆ ಫೋನು ಹಚ್ಚಿದ. ಸಾಹೇಬ ನೋಡೋಣ ಅಂದ. ಮೂಕಪ್ಪ ಅಚ್ಯುತನ ಕೊರಳಲ್ಲಿದ್ದ ಹಲಗೆಯನ್ನೇ ಫೋನಿನ ಬಾಯಿಗೆ ಹಿಡಿದು ಒಮ್ಮೆ ಬಡಿದ. ಸಾಹೇಬ ನಾಳೆ ಅಂದ. ಮತ್ತೊಮ್ಮೆ ಬಡಿದ. ಮೂರನೆಯದು ಬೇಕಾಗಲಿಲ್ಲ. ತಪ್ಪಾಗಿದೆ, ತೆಗೆಯಿರಿ ಎಂಬ ಪತ್ರ ಅಲ್ಲೇ, ಎಲ್ಲರ ಮುಂದೆ, ಮೊಬೈಲಿನಿಂದ ಸಿಬಿಲಿನವರಿಗೆ ಹೋಯಿತು.

ಕೊನೆಗೆ ಮೂಕಪ್ಪ ಸೊಂಟದಿಂದ ಮುಂಜಾನೆಯ ನೋಟು ತೆಗೆದ. ಅಚ್ಯುತ ಅಂಗೈ ಚಾಚಿದ. ಮೂಕಪ್ಪ ಮೊಳದೆತ್ತರದಿಂದ ಬಿಟ್ಟ. ಬೆರಳು ಬೆರಳಿಗೆ ತಾಗಲಿಲ್ಲ.

ಎಲ್ಲರೂ ನಗುತ್ತಾ ಮನೆಗೆ ಹೋದರು. ಹೊಳೆಮ್ಮ ಒಬ್ಬಳು ಹೋಗಲಿಲ್ಲ. "ಅವಂದು ಆತು. ಇನ್ನ ನಿಂದ್ಯಾವಾಗ, ಮೂಕಾ?" ಅಂದಳು.

ಮೂಕಪ್ಪ ಹಲಗೆ ಕೊರಳಿಗೆ ಹಾಕಿಕೊಂಡು ಅವಳ ಬಾಗಿಲಿಗೆ ಹೋದ. ಎಡಗೈಯಿಂದ ಬಡಿದ. "ಹೊಳೆಮ್ಮನ ಬಾಗಿಲಿಗೆ ಬಡದದ್ದು ನನ್ನ ತಪ್ಪು. ಇನ್ನ ಮ್ಯಾಲ ಯಾರ ಬಾಗಿಲಿಗೂ ಸಾಲದ ಡಂಗುರ ಸಾರಂಗಿಲ್ಲ. ಉಪವಾಸ ಬಿದ್ರೂ ಸಾರಂಗಿಲ್ಲ." ಈ ಸಲ ಆ ಬಾಗಿಲಲ್ಲಿ ದನಿ ಕೈಕೊಡಲಿಲ್ಲ. ಮುದುಕಿ ಅವನ ಟವೆಲಿಗೆ ಒಂದು ಹಿಡಿ ಕಡಲೆಬೀಜ ಸುರಿದಳು.

ತಿಂಗಳು ತುಂಬುವುದರೊಳಗೆ ಹೆಸರು ಚೊಕ್ಕವಾಯಿತು. ಗಂಡ ಹೆಂಡತಿ ಬ್ಯಾಂಕಿಗೆ ಹೋದರು, ಹಲಗೆಯೂ ಹೋಯಿತು. ಹರಿಪ್ರಿಯಾ ಕಾಗದದ ಕಟ್ಟು ಮುಂದಿಟ್ಟು, "ಇಲ್ಲಿ ಒಬ್ಬರು ಸಹಿ ಮಾಡ್ರಿ, ಇಲ್ಲಿ ಒಬ್ಬರು ಹೆಬ್ಬೆಟ್ಟು ಒತ್ರಿ," ಅಂದಳು.

ಮೂಕಪ್ಪ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ. "ಮೊದಲು ಓದ್ರಿ ಮೇಡಂ."

"ಎಲ್ಲಾನ?"

"ಎಲ್ಲಾ. ಕನ್ನಡದಾಗ. ಜೋರಾಗಿ."

ಹರಿಪ್ರಿಯಾ ಗಡಿಯಾರ ನೋಡಿದಳು, ಮೂಕಪ್ಪನನ್ನು ನೋಡಿದಳು, ಓದತೊಡಗಿದಳು. ಒಂದೊಂದು ಶರತ್ತು ಮುಗಿದಾಗಲೂ ಮೂಕಪ್ಪ ಸಣ್ಣ ಕಡ್ಡಿಯಿಂದ ಟಣ್ ಎನ್ನಿಸಿ "ಒಪ್ಪಿಗಿ" ಅಂದ. ಹಿಂದಿನ ಸಾಲಿನವರು ಗೊಣಗಿದರು. ಜಲ್ದಿ ಮುಗಿಸ್ರಿ, ನಮಗೂ ಕೆಲಸ ಅದಾವ ಅಂದರು. ಮ್ಯಾನೇಜರು ಗಾಜಿನ ಕೋಣೆಯಿಂದ ಇಣುಕಿ, ಹಲಗೆ ನೋಡಿ ಒಳಗೆ ಹೋದ.

"ಬಾಕಿ ಬಿದ್ರ ನಮ್ಮ ಪ್ರತಿನಿಧಿಗಳು ನಿಮ್ಮ ಮನಿಗೆ ಬರಬಹುದು," ಎಂದು ಓದಿದಳು ಹರಿಪ್ರಿಯಾ.

ಈ ಸಲ ಹಲಗೆ ಟಣ್ ಎನ್ನಲಿಲ್ಲ.

"ಇದಕ್ಕ ಹಂಗ ಒಪ್ಪಂಗಿಲ್ಲ. ಬಂದವ್ರು ಮೊದಲು ಹೆಸರು ಕೇಳಿ, ಆಮ್ಯಾಲ ಮಾತಾಡ್ಬೇಕು. ಅದನ್ನ ಬರೀರಿ."

"ಇದ್ರಾಗ ಅದಕ್ಕ ಜಾಗ ಇಲ್ರಿ ಮೂಕಪ್ಪನವ್ರ."

"ಅಂಚಿನಾಗ ಐತಲ್ರಿ."

ಹರಿಪ್ರಿಯಾ ಗಾಜಿನ ಕೋಣೆಯ ಕಡೆ ನೋಡಿದಳು. ಆಮೇಲೆ ಪೆನ್ನು ತೆಗೆದು ಕಾಗದದ ಅಂಚಿನಲ್ಲಿ ಬರೆದಳು. ದ್ಯಾಮಕ್ಕ ಅದನ್ನು ಕೂಡಿಸಿ ಕೂಡಿಸಿ ಓದಿ, ಸರಿ ಇದೆ ಎಂದು ತಲೆಯಾಡಿಸಿ ಸಹಿ ಮಾಡಿದಳು. ಆಗ ಮೂಕಪ್ಪ ಮುಷ್ಟಿ ಬಿಚ್ಚಿ, ಸೀಳಿದ ಹೆಬ್ಬೆರಳನ್ನು ಮಸಿಗೆ ಒತ್ತಿದ.

ಸಾಲಿನಲ್ಲಿ ಹೊಳೆಮ್ಮ ನಿಂತಿದ್ದಳು. ಮಗನ ಬೈಕಿನ ಕಾಗದ ಸೆರಗಿನ ಗಂಟಿನಲ್ಲಿತ್ತು. ಗಂಟು ಬಿಚ್ಚುತ್ತಾ ಮೇಜಿಗೆ ಬಂದಳು.

"ನಂದೂ ಓದವ್ವಾ."

ಅವಳ ಹಿಂದಿನವನು ಗೊಣಗಲಿಲ್ಲ. ತನ್ನ ಚೀಲದಲ್ಲಿ ಕೈಯಾಡಿಸಿ ಒಂದು ಮಡಿಚಿದ ಕಾಗದ ಹೊರತೆಗೆದ. ಅವನ ಹಿಂದಿನವಳೂ ತೆಗೆದಳು. ಅವತ್ತು ಆ ಬ್ಯಾಂಕಿನಲ್ಲಿ ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ.